ಡಿಕನ್ಸ್ ಮನೆ ಒಡೆದಾಗ ಯಾರು ಯಾವ ಕಡೆ ನಿಂತರು

ಗಂಡ ಹೆಂಡತಿ ಬೇರೆಯಾದಾಗ ನೆಂಟರೂ ಗೆಳೆಯರೂ ಎರಡು ಪಾಲಾಗುವುದು ಎಲ್ಲ ಕಾಲದಲ್ಲೂ ನಡೆದು ಬಂದದ್ದು. ಹಾಗೆ ಪಾಲಾಗುವವರು ಸರಿ ತಪ್ಪುಗಳನ್ನು ತೂಗಿ ನೋಡಿಯೇ ಒಂದು ಕಡೆ ಸೇರುತ್ತಾರೆ ಎಂದು ನಾವು ನಂಬಿರುತ್ತೇವೆ. 1858ರಲ್ಲಿ ಲಂಡನ್ನಿನಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಮತ್ತು ಆತನ ಹೆಂಡತಿ ಕ್ಯಾಥರೀನ್ ಬೇರೆಯಾದ ಪ್ರಕರಣವನ್ನು ಬಿಡಿಸಿ ನೋಡಿದರೆ ಆ ನಂಬಿಕೆ ಉಳಿಯುವುದಿಲ್ಲ. ಪತ್ರಗಳು, ಪತ್ರಿಕೆಗಳು, ಉಯಿಲು, ಮಕ್ಕಳ ನೆನಪುಗಳು, ಹೀಗೆ ಈ ಪ್ರಕರಣಕ್ಕೆ ಸಿಗುವಷ್ಟು ದಾಖಲೆ ಆ ಶತಮಾನದ ಬೇರೆ ಸಂಸಾರಗಳಿಗೆ ಸಿಗುವುದು ಅಪರೂಪ. ಯಾರು ಯಾವ ಕಡೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ನ್ಯಾಯವಲ್ಲ, ಯಾರು ಯಾರ ಹಂಗಿನಲ್ಲಿದ್ದರು ಎಂಬುದು ಎಂದು ಅವು ಹೇಳುತ್ತವೆ.

ಅವರ ಮದುವೆ ನಡೆದದ್ದು 1836ರಲ್ಲಿ. ಹತ್ತು ಮಕ್ಕಳು ಹುಟ್ಟಿ, ಒಂಬತ್ತು ಉಳಿದಿದ್ದವು. 1857ರಲ್ಲಿ ಡಿಕನ್ಸ್ ಹದಿನೆಂಟರ ನಟಿ ಎಲೆನ್ ಟರ್ನನ್‌ಗೆ ಮನಸೋತ. ಆ ಅಕ್ಟೋಬರ್‌ನಲ್ಲಿ ಮನೆಯ ಕೆಲಸದವಳಿಗೆ ಪತ್ರ ಬರೆದು, ತನ್ನ ಉಡುಪಿನ ಕೋಣೆಗೂ ಹೆಂಡತಿಯ ಮಲಗುವ ಕೋಣೆಗೂ ನಡುವೆ ಇದ್ದ ಬಾಗಿಲನ್ನು ಮುಚ್ಚಿಸಿ, ತನಗೆ ಬೇರೆ ಮಂಚ ಹಾಕಿಸುವಂತೆ ಹೇಳಿದ. ಮರು ವರ್ಷದ ಮೇ ತಿಂಗಳಲ್ಲಿ ಕ್ಯಾಥರೀನ್ ಮನೆ ಬಿಟ್ಟಳು. ವರ್ಷಕ್ಕೆ 600 ಪೌಂಡ್ ಜೀವನಾಂಶ ಗೊತ್ತಾಯಿತು. ಕಾನೂನು ಆಗ ಪೂರ್ತಿ ಗಂಡನ ಕಡೆಗಿತ್ತು. 1857ರ ವಿಚ್ಛೇದನ ಕಾಯಿದೆಯ ಪ್ರಕಾರ ಹೆಂಡತಿ ವ್ಯಭಿಚಾರ ಮಾಡಿದ್ದರೆ ಗಂಡನಿಗೆ ಅಷ್ಟೇ ಸಾಕು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ರುಜುವಾತು ಮಾಡಬೇಕಿತ್ತು. ಮಕ್ಕಳ ಮೇಲಿನ ಹಕ್ಕು ತಂದೆಯದು. ಜನ ಪಕ್ಷ ಕಟ್ಟುವ ಮೊದಲೇ ಕಣ ಒಂದು ಕಡೆಗೆ ವಾಲಿತ್ತು.

ಮನೆಯೊಳಗೆ ಯಾರು ಏನು ಮಾಡಿದರು ನೋಡಿ. ಒಂಬತ್ತು ಮಕ್ಕಳಲ್ಲಿ ತಾಯಿಯ ಜೊತೆ ಹೋಗಿ ನೆಲೆಸಿದವನು ಹಿರಿಯ ಮಗ ಚಾರ್ಲಿ ಒಬ್ಬನೇ. ತಂದೆಯ ಮೇಲೆ ಪ್ರೀತಿ ಕಡಿಮೆಯಾಗಿ ಅಲ್ಲ, ತಾಯಿಯ ಕಡೆ ತನ್ನ ಕರ್ತವ್ಯವೆಂದು ಹೋಗುತ್ತಿದ್ದೇನೆ ಎಂದು ಅವನು ತಂದೆಗೆ ಬರೆದ. ಆಗ ಅವನಿಗೆ ಇಪ್ಪತ್ತೊಂದು ತುಂಬಿತ್ತು, ಬೇರಿಂಗ್ಸ್ ಬ್ಯಾಂಕಿನಲ್ಲಿ ಸ್ವಂತ ಸಂಬಳವಿತ್ತು. ಉಳಿದವರಲ್ಲಿ ಯಾರಿಗೂ ಈ ಎರಡೂ ಒಟ್ಟಿಗೆ ಇರಲಿಲ್ಲ. ಮಗಳು ಕೇಟ್ ಇಳಿವಯಸ್ಸಿನಲ್ಲಿ, ಅಮ್ಮನ ಪರ ನಿಲ್ಲದೆ ನಾವೆಲ್ಲ ತಪ್ಪು ಮಾಡಿದೆವು ಎಂದು ಒಪ್ಪಿಕೊಂಡಳು. ಆ ಮಾತು 1939ರಲ್ಲಿ ಅಚ್ಚಾಯಿತು. ಕ್ಯಾಥರೀನಳ ತವರಿನ ಕಥೆ ಇನ್ನೂ ಕಹಿ. ಅವಳ ತಂದೆ ಜಾರ್ಜ್ ಹೋಗಾರ್ಥ್, ಡಿಕನ್ಸ್ ಇನ್ನೂ ಎಳೆಯ ವರದಿಗಾರನಾಗಿದ್ದಾಗ ತನ್ನ ಪತ್ರಿಕೆಯಲ್ಲಿ ಬರೆಸಿ ಬೆಳೆಸಿದವನು. ಈಗ ತಾಯಿ ಮತ್ತು ತಂಗಿ ಹೆಲೆನ್ ಅಳಿಯನ ನಡತೆಯ ಬಗ್ಗೆ ಮಾತಾಡಿದರೆಂದು ಡಿಕನ್ಸ್ ಸಿಡಿದೆದ್ದ. ಆ ಸುದ್ದಿಗಳನ್ನು ನಾವು ನಂಬುವುದಿಲ್ಲ ಎಂಬ ಹೇಳಿಕೆಗೆ ಅವರಿಬ್ಬರೂ ಸಹಿ ಹಾಕುವವರೆಗೆ ಅವನು ಒಪ್ಪಂದ ಮುಗಿಸಲಿಲ್ಲ. ಮಗಳ ಜೀವನಾಂಶಕ್ಕಾಗಿ ಹೆತ್ತ ತಾಯಿಯೇ ಬಾಯಿ ಕಟ್ಟಿಕೊಳ್ಳಬೇಕಾಯಿತು.

ಹೊರಗಿನ ಗೆಳೆಯರ ಲೆಕ್ಕವೂ ಬೇರೆಯಲ್ಲ. ಜೂನ್ 1858ರಲ್ಲಿ ಡಿಕನ್ಸ್ ತನ್ನ ಸಂಸಾರದ ಬಗ್ಗೆ ಒಂದು ಹೇಳಿಕೆಯನ್ನು ‘ಟೈಮ್ಸ್’ ಪತ್ರಿಕೆಯಲ್ಲೂ ತನ್ನದೇ ‘ಹೌಸ್‌ಹೋಲ್ಡ್ ವರ್ಡ್ಸ್’ನಲ್ಲೂ ಪ್ರಕಟಿಸಿದ. ಅವನ ಪ್ರಕಾಶಕರಾದ ಬ್ರಾಡ್‌ಬರಿ ಅಂಡ್ ಇವಾನ್ಸ್ ತಮ್ಮ ಹಾಸ್ಯಪತ್ರಿಕೆ ‘ಪಂಚ್’ನಲ್ಲಿ ಅದನ್ನು ಹಾಕಲಿಲ್ಲ. ‘ಪಂಚ್’ನ ಸಂಪಾದಕ, ಹಳೆಯ ಗೆಳೆಯ ಮಾರ್ಕ್ ಲೆಮನ್ ಒಪ್ಪಂದದ ಮಾತುಕತೆಯಲ್ಲಿ ಕ್ಯಾಥರೀನಳ ಪರ ನಿಂತಿದ್ದ. ಡಿಕನ್ಸ್ ಇಬ್ಬರ ಸ್ನೇಹವನ್ನೂ ಕಡಿದುಕೊಂಡ. ‘ಹೌಸ್‌ಹೋಲ್ಡ್ ವರ್ಡ್ಸ್’ ನಿಲ್ಲಿಸಿ 1859ರಲ್ಲಿ ‘ಆಲ್ ದಿ ಇಯರ್ ರೌಂಡ್’ ಶುರು ಮಾಡಿದ. ಚಾರ್ಲಿ 1861ರಲ್ಲಿ ಅದೇ ಇವಾನ್ಸ್‌ನ ಮಗಳನ್ನು ಮದುವೆಯಾದಾಗ ತಂದೆ ಮದುವೆಗೆ ಹೋಗಲಿಲ್ಲ. ಕ್ಯಾಥರೀನಳ ಸಂಪರ್ಕ ಬಿಡದೆ, ರಾಜಿ ಮಾಡಿಸಲು ಪ್ರಯತ್ನಿಸಿದ ಇನ್ನೊಬ್ಬಳು ಏಂಜೆಲಾ ಬರ್ಡೆಟ್ ಕೂಟ್ಸ್. ಆಕೆ ಇಂಗ್ಲೆಂಡಿನ ಅತಿ ಶ್ರೀಮಂತ ಹೆಂಗಸರಲ್ಲಿ ಒಬ್ಬಳು. ಡಿಕನ್ಸ್‌ನ ಕೋಪ ಆಕೆಯ ಒಲೆಯನ್ನು ಆರಿಸುವಂತಿರಲಿಲ್ಲ. ಬೇರೆ ಆಸರೆ ಇದ್ದವರು ಕ್ಯಾಥರೀನಳ ಕಡೆ ನೋಡಬಲ್ಲವರಾದರು.

ಇದಕ್ಕೆ ದೊಡ್ಡ ಆಕ್ಷೇಪವೆಂದರೆ ಕ್ಯಾಥರೀನಳ ಇನ್ನೊಬ್ಬ ತಂಗಿ ಜಾರ್ಜಿನಾ. ಅವಳನ್ನು ಯಾರೂ ಬಲವಂತ ಮಾಡಲಿಲ್ಲ. ಸ್ವಂತ ಅಕ್ಕನನ್ನು ಬಿಟ್ಟು ಭಾವನ ಮನೆಯಲ್ಲೇ ಉಳಿದಳು, ಅದಕ್ಕಾಗಿ ಕೆಟ್ಟ ಮಾತುಗಳನ್ನೂ ಸಹಿಸಿದಳು. ಅವಳು ಮನಸಾರೆ ನಂಬಿಯೇ ಉಳಿದಳೆಂದು ಹೇಳಬಹುದು, ನಾನೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ 1842ರಲ್ಲಿ ಹದಿನೈದರ ಹುಡುಗಿಯಾಗಿ ಬಂದವಳಿಗೆ ಆ ಮನೆ ಬಿಟ್ಟರೆ ಬೇರೆ ಬದುಕೇ ಇರಲಿಲ್ಲ. ಅಲ್ಲಿನ ಮಕ್ಕಳೇ ಅವಳ ಮಕ್ಕಳು. ಹಂಗು ಎಂದರೆ ಬರೀ ಹಣದ್ದಲ್ಲ. ಪ್ರೀತಿ ಮತ್ತು ಅವಲಂಬನೆ ಒಂದೇ ಸೂರಿನಡಿ ಬೆಳೆದಾಗ ನಂಬಿಕೆಯೂ ಆ ಸೂರಿನ ಆಕಾರವನ್ನೇ ತಾಳುತ್ತದೆ. 1869ರ ಉಯಿಲಿನಲ್ಲಿ ಡಿಕನ್ಸ್ ಜಾರ್ಜಿನಾಗೆ 8000 ಪೌಂಡ್ ಕೊಟ್ಟ. ಕ್ಯಾಥರೀನಳಿಗೆ ಅಷ್ಟೇ ಮೊತ್ತದ ಬಡ್ಡಿಯನ್ನು ಮಾತ್ರ.

ಹೊರಗಿನವರು ಸುಮ್ಮನಿರುವುದೇ ಮೇಲಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಇಬ್ಬರ ದನಿಗೂ ಒಂದೇ ಬಲವಿದ್ದರೆ ಅದು ಸರಿ. ಇಲ್ಲಿ ಒಬ್ಬನ ಕೈಯಲ್ಲಿ ವಾರಪತ್ರಿಕೆ ಇತ್ತು, ಇನ್ನೊಬ್ಬಳಿಗೆ ಏನೂ ಇರಲಿಲ್ಲ. ಹೆಂಡತಿಗೆ ಕೆಲವೊಮ್ಮೆ ಮನಸ್ಸಿನ ಅಸ್ವಸ್ಥತೆ ಕಾಡುತ್ತದೆ ಎಂದು ಡಿಕನ್ಸ್ ಬರೆದ ಪತ್ರ 1858ರ ಆಗಸ್ಟ್‌ನಲ್ಲಿ ‘ನ್ಯೂಯಾರ್ಕ್ ಟ್ರಿಬ್ಯೂನ್’ನಲ್ಲಿ ಅಚ್ಚಾಗಿ ಲೋಕವನ್ನೆಲ್ಲ ಸುತ್ತಿತು. ಕ್ಯಾಥರೀನ್ ಪತ್ರಿಕೆಗಳಿಗೆ ಒಂದು ಉತ್ತರವನ್ನೂ ಬರೆಯಲಿಲ್ಲ. ಹಾಗಾಗಿ ಸುಮ್ಮನಿದ್ದವರೆಲ್ಲ, ತಮಗೆ ಗೊತ್ತಿಲ್ಲದೆಯೇ, ಜೋರಾಗಿ ಮಾತಾಡಿದವನ ಕಡೆಯವರಾದರು. 1863ರ ಕೊನೆಯ ದಿನ ಮಗ ವಾಲ್ಟರ್ ಕಲ್ಕತ್ತೆಯಲ್ಲಿ ಸತ್ತಾಗಲೂ ಡಿಕನ್ಸ್ ಆ ತಾಯಿಗೆ ಒಂದು ಸಾಲು ಬರೆಯಲಿಲ್ಲ.

1879ರಲ್ಲಿ ಸಾಯುವ ಮುನ್ನ ಕ್ಯಾಥರೀನ್ ಗಂಡನ ಹಳೆಯ ಪತ್ರಗಳನ್ನು ಕೇಟ್‌ಳ ಕೈಗಿತ್ತು, ಬ್ರಿಟಿಷ್ ಮ್ಯೂಸಿಯಂಗೆ ಸೇರಿಸಲು ಹೇಳಿದಳು. ಅವು ಪುಸ್ತಕವಾದದ್ದು 1935ರಲ್ಲಿ. ಡಿಕನ್ಸ್ ಅವಳನ್ನು ಹುಚ್ಚಾಸ್ಪತ್ರೆಗೆ ಸೇರಿಸಲು ನೋಡಿದ್ದ ಎಂದು ಅವಳ ಮಾತು ಕೇಳಿದ ನೆರೆಮನೆಯ ಪತ್ರಕರ್ತನೊಬ್ಬ ಬರೆದ ಪತ್ರಗಳು ಬೆಳಕಿಗೆ ಬಂದದ್ದು 2019ರಲ್ಲಿ. ಅವಳ ಕಡೆಯ ಮಾತು ಕೇಳಿಸಲು ಅವಳ ಹಂಗಿನಲ್ಲೂ ಅವನ ಹಂಗಿನಲ್ಲೂ ಇಲ್ಲದ ತಲೆಮಾರುಗಳು ಬರಬೇಕಾಯಿತು. ನಮ್ಮ ನಡುವೆ ಒಂದು ಸಂಸಾರ ಒಡೆದಾಗ ಯಾರ ಸುತ್ತ ಹೆಚ್ಚು ಜನ ನಿಂತಿದ್ದಾರೆಂದು ನೋಡಿ ತೀರ್ಪು ಕೊಡುವುದು ಬೇಡ. ಯಾರ ಪರ ನಿಲ್ಲುವುದರಿಂದ ಯಾರಿಗೂ ಲಾಭವಿಲ್ಲವೋ, ಮೊದಲು ಅವರ ಮಾತನ್ನು ಕೇಳೋಣ.