ಕೃಷ್ಣಾತೀರದ ಕರಿಯ ಶಿಲೆ ಮತ್ತು ಅಚಲ ಭೂಮಿಯೆಂಬ ಭಾವನೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಇತಿಹಾಸವನ್ನು ವಿದ್ವಾಂಸರು ಸಾಮಾನ್ಯವಾಗಿ ಶಾಸನಗಳಿಂದ ಆರಂಭಿಸುವರು. ನಾವು ಅದಕ್ಕೂ ಹಿಂದಿನ ದಾಖಲೆಯಾದ ಶಿಲೆಯಿಂದ ಆರಂಭಿಸಬಯಸುತ್ತೇವೆ. ಈ ನೆಲವು ಅಚಲವೆಂಬ ಭಾವನೆ ಬಹುಕಾಲ ಬೇರೂರಿದ್ದಿತು. ಅದು ಹೇಗೆ ಸಡಿಲಿತೆಂಬುದನ್ನು ತೋರಿಸುವುದೇ ನಮ್ಮ ಉದ್ದೇಶ.

ಇಲ್ಲಿ ಬಾವಿ ತೋಡುವವನಿಗೆ ಮೊದಲು ಎರೆಮಣ್ಣು, ಅದರಡಿ ಗರಸು, ಬಳಿಕ ಗಟ್ಟಿಯಾದ ಕರಿಯ ಕಲ್ಲು ದೊರೆಯುವುದು ವಾಡಿಕೆ. ಈ ಕಲ್ಲು ಬಸಾಲ್ಟ್. ಎರೆಮಣ್ಣು ಅದೇ ಕಲ್ಲು ಶಿಥಿಲಗೊಂಡು ಆದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾರಸವು ಪದರ ಪದರವಾಗಿ ಹರಡಿ ದಖ್ಖನಿನ ಈ ಶಿಲಾಸ್ತರವನ್ನು ನಿರ್ಮಿಸಿತು. ಅದರ ದಕ್ಷಿಣದ ಅಂಚು ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ. ಆ ಲಾವಾರಸಕ್ಕೆ ಮೂಲವಾದ ಉಷ್ಣಸ್ಥಾನವು ಇಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಬಳಿ ಇರುವುದೆಂದು ಬಹುಮಂದಿ ವಿದ್ವಾಂಸರ ಮತ. ಹಾಗಿದ್ದರೆ ನಮ್ಮ ನೆಲವು ಅಲ್ಲಿಂದ ನಾಲ್ಕು ಸಾವಿರ ಕಿಲೋಮೀಟರಿಗೂ ಮಿಕ್ಕಿ ದೂರ ಸರಿದು ಬಂದಿದೆ.

ಇದು ಸಾಧ್ಯವಾದುದು ಭೂಮಿಯ ಒಳರಚನೆಯಿಂದ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿ ಸೇವೆ ಸಲ್ಲಿಸಿ, 1897ರ ಅಸ್ಸಾಂ ಭೂಕಂಪವನ್ನು ಅಭ್ಯಸಿಸಿದ ಆರ್. ಡಿ. ಓಲ್ಡ್‌ಹ್ಯಾಮ್, 1906ರಲ್ಲಿ ಭೂಕಂಪದ ಅಲೆಗಳ ಆಧಾರದಿಂದ ಭೂಮಿಗೆ ಕೇಂದ್ರಗೋಳವಿರುವುದನ್ನು ತೋರಿಸಿದನು. ಮೇಲೆ ತೆಳುವಾದ ಭೂಕವಚ, ಅದರಡಿ ಸುಮಾರು 2900 ಕಿ.ಮೀ. ಆಳದವರೆಗೆ ಮ್ಯಾಂಟಲ್, ಅದರೊಳಗೆ ಕೇಂದ್ರಗೋಳ: ಇದು ಸ್ಥೂಲವಾದ ಕ್ರಮ. ಭೂಕವಚವೂ ಮ್ಯಾಂಟಲಿನ ಮೇಲ್ಭಾಗವೂ ಕೂಡಿ ಗಡುಸಾದ ಫಲಕಗಳಾಗಿವೆ. ಅವುಗಳ ಕೆಳಗಿನ ಮ್ಯಾಂಟಲ್ ಘನವಾಗಿದ್ದರೂ ತೀವ್ರವಾದ ಶಾಖದಿಂದ ಅತಿ ನಿಧಾನವಾಗಿ ಹರಿಯಬಲ್ಲುದು. ಆದುದರಿಂದ ಫಲಕಗಳು ಚಲಿಸುತ್ತವೆ. ಭಾರತದ ಫಲಕವು ವರ್ಷಕ್ಕೆ ಸುಮಾರು 5 ಸೆಂ.ಮೀ.ನಂತೆ ಈಶಾನ್ಯಕ್ಕೆ ಸರಿದು ಏಷ್ಯಾ ಖಂಡವನ್ನು ಒತ್ತುತ್ತಿದೆ.

ಒತ್ತಡವಿರುವುದು ಹಿಮಾಲಯದಲ್ಲಿ, ದಖ್ಖನ್ ಮಾತ್ರ ಸುಭದ್ರ ಎಂಬ ನಂಬಿಕೆಗೆ 1967ರ ಡಿಸೆಂಬರ್ 11ರ ನಸುಕು ಪೆಟ್ಟು ಕೊಟ್ಟಿತು. ಚಿಕ್ಕೋಡಿಯಿಂದ ಸುಮಾರು 140 ಕಿ.ಮೀ. ದೂರದ ಕೊಯ್ನಾದಲ್ಲಿ 6.3 ಪ್ರಮಾಣದ ಭೂಕಂಪವಾಯಿತು. ಅದೇ ತಿಂಗಳ 30ರಂದು ಮೆಕೆಂಜಿ ಮತ್ತು ಪಾರ್ಕರ್ ಎಂಬ ವಿಜ್ಞಾನಿಗಳು ಗೋಳದ ಮೇಲೆ ಫಲಕಗಳು ಚಲಿಸುವ ರೀತಿಯನ್ನು ವಿವರಿಸುವ ಲೇಖನವನ್ನು ಪ್ರಕಟಿಸಿದುದು ಗಮನಾರ್ಹ. ಕೊಯ್ನಾ ಜಲಾಶಯದ ನೀರು ಕಂಪನಕ್ಕೆ ಪ್ರಚೋದಕವಾಯಿತೆಂಬುದು ಈಗ ಬಹುಮಟ್ಟಿಗೆ ಅಂಗೀಕೃತವಾಗಿದೆ. ಆದರೆ ನೀರು ಪ್ರಚೋದಿಸಬಹುದೇ ಹೊರತು ಇಲ್ಲದ ಒತ್ತಡವನ್ನು ಹುಟ್ಟಿಸಲಾರದು. ಆ ಕೊಯ್ನೆಯೇ ಕರಾಡದಲ್ಲಿ ಕೃಷ್ಣೆಯನ್ನು ಕೂಡಿ ನಮ್ಮ ತಾಲೂಕುಗಳಿಗೆ ಹರಿದುಬರುವ ನದಿ.

1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ ದೊಡ್ಡ ಜಲಾಶಯದ ನೆವವೂ ಇಲ್ಲದೆ ಭೂಮಿ ನಡುಗಿ ಸಹಸ್ರಾರು ಜನರು ಮಡಿದರು. ಅಂದಿನ ಭೂಕಂಪವಲಯಗಳ ನಕ್ಷೆಯಲ್ಲಿ ಆ ಊರು ಅತ್ಯಂತ ಕನಿಷ್ಠ ಅಪಾಯದ ವಲಯದಲ್ಲಿದ್ದಿತು. ಬಳಿಕ ಅಲ್ಲಿ ಕೊಳವೆ ಕೊರೆದಾಗ ಬಸಾಲ್ಟಿನ ದಪ್ಪ 338 ಮೀಟರ್ ಮಾತ್ರವೆಂದು ತಿಳಿಯಿತು. ಕೊಯ್ನಾ ಪ್ರದೇಶದಲ್ಲಿ ಅದು ಸುಮಾರು 1250 ಮೀಟರ್. ಎರಡೂ ಕಡೆ ಕಂಪನವು ಹುಟ್ಟಿದುದು ಅದಕ್ಕೂ ಕೆಳಗೆ, ಅತಿ ಪುರಾತನ ಶಿಲೆಯ ಬಿರುಕುಗಳಲ್ಲಿ. ಅಂದರೆ ಬಾವಿಯಲ್ಲಿ ಕಾಣುವ ಕರಿಯ ಕಲ್ಲು ಬರಿಯ ಹೊದಿಕೆ. ಅದರ ಗಟ್ಟಿತನವು ನೆಲದ ಭದ್ರತೆಗೆ ಸಾಕ್ಷಿಯಲ್ಲ.

ಕಿಲ್ಲಾರಿಯಲ್ಲಿ ಜನರನ್ನು ಕೊಂದುದು ಬಹುಮಟ್ಟಿಗೆ ಅವರ ಮನೆಗಳೇ: ಕೆಸರಿನಲ್ಲಿ ಕಟ್ಟಿದ ದಪ್ಪನೆಯ ಕಲ್ಲುಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಅಂಥ ಹಳೆಯ ಮನೆಗಳು ಕೃಷ್ಣಾತೀರದ ಹಳ್ಳಿಗಳಿಗೂ ಅಪರಿಚಿತವಲ್ಲ. 2002ರ ನಕ್ಷೆಯು ಬೆಳಗಾವಿಯನ್ನು ಮೂರನೆಯ, ಎಂದರೆ ಮಧ್ಯಮ ಅಪಾಯದ, ವಲಯದಲ್ಲಿರಿಸಿತು. ಭಯಕ್ಕೆ ಇದು ಕಾರಣವಾಗಬೇಕಿಲ್ಲ. ಗೋಡೆಗಳನ್ನು ಬಿಗಿಯುವ ಅಡ್ಡಪಟ್ಟಿಗಳಿಗೂ ಹಗುರಾದ ಮಾಳಿಗೆಗೂ ಕಾರಣವಾದರೆ, ಈ ಶಿಲೆಯ ಇತಿಹಾಸವನ್ನು ಓದಿದುದು ಸಾರ್ಥಕವೆಂದು ನಾವು ಭಾವಿಸುತ್ತೇವೆ.