ಟಿಕೆಟ್ಟಿಗಿಂತ ಮೊದಲು ಮಾತು

ಈ ಸಲ ನಮ್ಮ ಅಗ್ರಹಾರದಲ್ಲಿ ಹಬ್ಬದ ಮಾತಿಗಿಂತ ಖೋಖೋ ಮಾತೇ ಜಾಸ್ತಿ ಆಗ್ಬಿಟ್ಟಿದೆ. ನೂರೊಂದು ಗಣಪತಿ ದೇವಸ್ಥಾನದ ಹತ್ರ ಸಿಕ್ಕಿದವರೆಲ್ಲ ಕೇಳೋದು ಒಂದೇ, "ಹುಡುಗೀರು ಉಡುಪಿಗೆ ಹೋಗ್ತಾರಂತಲ್ಲ, ಎಲ್ರನ್ನೂ ಕಳಿಸ್ತಿದಾರಾ?" ಜಿಲ್ಲೆಯಲ್ಲಿ ಗೆದ್ದು ವಿಭಾಗ ಮಟ್ಟಕ್ಕೆ ಹೊರಟಿರೋ ತಂಡದಲ್ಲಿ ನನ್ನ ಮೈದುನನ ಮಗಳೂ ಇದಾಳೆ. ಮೊನ್ನೆ ಸರೋಜಕ್ಕ, "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ನೀನು ಹಳೇದೆಲ್ಲ ಓದ್ತೀಯಲ್ಲ, ಒಂಚೂರು ಬರಿ" ಅಂದ್ರು. ಅದಕ್ಕೇ ಇದು. ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಪರವೂರಿಗೆ ಆಟಕ್ಕೆ ಹೋಗೋದು ನಮ್ಮ ಊರಲ್ಲಿ ಹೇಗೆ ಸಾಧ್ಯ ಆಯ್ತು ಅನ್ನೋದನ್ನ ನನಗೆ ತಿಳಿದಷ್ಟು ಹೇಳ್ತೀನಿ.

ಮೈಸೂರಿಗೆ ಎರಡು ದೊಡ್ಡ ವಿಷಯ ಹೆಚ್ಚೂಕಮ್ಮಿ ಒಟ್ಟಿಗೇ ಬಂದವು. 1881ರಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಶುರುವಾಯ್ತು. 1882ರಲ್ಲಿ ಬೆಂಗಳೂರಿಂದ ಹೊರಟ ಮೀಟರ್ ಗೇಜ್ ರೈಲು ದಾರಿ ಚನ್ನಪಟ್ಟಣ, ಮಂಡ್ಯ ದಾಟಿ ಮೈಸೂರು ಮುಟ್ಟಿತು. 1876–78ರ ದೊಡ್ಡ ಬರಗಾಲದಲ್ಲಿ ಹೊಟ್ಟೆಗಿಲ್ಲದ ಜನಕ್ಕೆ ಕೂಲಿ ಕೊಡೋದಕ್ಕೂ ಆಗತ್ತೆ ಅಂತ ಆ ದಾರಿಯ ಮಣ್ಣು ಕೆಲಸ ಮಾಡಿಸಿದ್ರು. ಹಾಗಾಗಿ ಓದೋ ಹುಡುಗಿ, ಓಡೋ ರೈಲು ಎರಡೂ ನಮ್ಮೂರಿಗೆ ಒಂದು ವರ್ಷದ ಅಂತರದಲ್ಲಿ ಬಂದವು. ಆದ್ರೆ ಆ ಹುಡುಗಿ ಆ ರೈಲು ಹತ್ತಿ ಆಟಕ್ಕೆ ಹೋಗೋದಕ್ಕೆ ಇನ್ನೂ ಎರಡು ಮೂರು ತಲೆಮಾರು ಬೇಕಾಯ್ತು. ನಮ್ಮ ಮನೆಗಳ ಹೆಂಗಸರು ರೈಲು ಹತ್ತತಿದ್ದದ್ದು ತಿರುಪತಿಗೆ, ಮದುವೆಗೆ, ಬಾಣಂತನಕ್ಕೆ. ಅದೂ ಗಂಡಸರ ಜೊತೆ, ಹೋಲ್ಡಾಲು, ಕೂಜ, ಪುಳಿಯೋಗರೆ ಡಬ್ಬಿ ಸಮೇತ.

ಗಂಡುಹುಡುಗರ ಕಥೆಯೂ ಅಷ್ಟು ಸಲೀಸಾಗೇನಿರಲಿಲ್ಲ. ನಮ್ಮೂರಲ್ಲೇ ಬಾಳಿದ ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಬಂತು. ಶಂಕರ್ ನಾಗ್ ಮಾಡಿದ ಟೀವಿ ಧಾರಾವಾಹಿಯಲ್ಲಿ ನೀವೆಲ್ಲ ಆ ಸ್ವಾಮಿನ ನೋಡಿದೀರಿ. ಹುಡುಗರು ತಾವೇ ಕ್ರಿಕೆಟ್ ತಂಡ ಕಟ್ತಾರೆ, ಇನ್ನೊಂದು ತಂಡದ ಜೊತೆ ಪಂದ್ಯ ಗೊತ್ತು ಮಾಡ್ತಾರೆ. ಆದ್ರೆ ಸ್ವಾಮಿಗೆ ಸ್ಕೂಲು ಬಿಟ್ಟ ಮೇಲೂ ಡ್ರಿಲ್ಲು ಕ್ಲಾಸು, ಅಭ್ಯಾಸಕ್ಕೆ ಹೊತ್ತೇ ಸಿಗಲ್ಲ. ಜಗಳ ಆಗಿ ಸ್ಕೂಲಿಂದ ಓಡಿಹೋಗಿ, ಕಾಡಲ್ಲಿ ದಾರಿ ತಪ್ಪಿ, ವಾಪಸ್ ಬರೋ ಹೊತ್ತಿಗೆ ಪಂದ್ಯ ಮುಗಿದಿರತ್ತೆ, ತಂಡ ಸೋತಿರತ್ತೆ. ಅವನ ಪ್ರಾಣಸ್ನೇಹಿತ ರಾಜಮ್ ಮಾತು ಬಿಡ್ತಾನೆ. ಆ ಪಂದ್ಯ ಅದೇ ಊರಲ್ಲಿತ್ತು, ಟಿಕೆಟ್ಟಿನ ಮಾತೇ ಇಲ್ಲ. ಅಭ್ಯಾಸಕ್ಕೆ ಯಾವ ಹೊತ್ತು ಅಂತ ಮನೆ, ಸ್ಕೂಲು, ತಂಡ ಮೂರೂ ಸೇರಿ ಯಾರೂ ಕೂತು ಮಾತಾಡಿರಲಿಲ್ಲ, ಅಷ್ಟೇ.

ಕೂತು ಮಾತಾಡಿದ್ರೆ ಏನಾಗತ್ತೆ ಅನ್ನೋದಕ್ಕೆ ಇನ್ನೊಂದು ಕಥೆ ಇದೆ, ಇದು ನಿಜದ್ದು. ಸ್ಪಿನ್ ಬೌಲರ್ ಇ.ಎ.ಎಸ್. ಪ್ರಸನ್ನ ನಮ್ಮ ಮೈಸೂರಿನ ಎನ್.ಐ.ಇ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಮೊದಲ ಟೆಸ್ಟ್ ಆಡಿದ್ರು. ಆಮೇಲೆ ವೆಸ್ಟ್ ಇಂಡೀಸ್ ಪ್ರವಾಸ ಬಂತು. ತಂದೆಯವರಿಗೆ ಅಷ್ಟು ದೂರ ಕಳಿಸೋದಕ್ಕೆ ಮನಸ್ಸಿರಲಿಲ್ಲ. ವಾಪಸ್ ಬಂದು ಇಂಜಿನಿಯರಿಂಗ್ ಮುಗಿಸಬೇಕು ಅನ್ನೋ ಷರತ್ತಿನ ಮೇಲೆ ಒಪ್ಪಿದ್ರು. ಮಗ ಮಾತು ಉಳಿಸಿಕೊಂಡ. ಓದು ಮುಗಿಸಿ ಅವರು ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಮಧ್ಯದಲ್ಲಿ ಐದು ವರ್ಷ ಹೋಯ್ತು. ಆಮೇಲೆ ಪ್ರಪಂಚದ ದೊಡ್ಡ ಸ್ಪಿನ್ನರುಗಳ ಸಾಲಿಗೆ ಸೇರಿದ್ರು ಅನ್ನೋದು ನಿಮಗೆಲ್ಲ ಗೊತ್ತು. ನಾನು ಇದರಲ್ಲಿ ನೋಡೋದು ಬೇರೆ. ತಂದೆ ಏನು ಬೇಕು ಅನ್ನೋದನ್ನ ಹೊರಡೋಕೆ ಮುಂಚೆ ಹೇಳಿದ್ರು. ಮಗನೂ ಹೊರಡೋಕೆ ಮುಂಚೆಯೇ ಒಪ್ಪಿದ. ಹಡಗು, ವಿಮಾನ ಹತ್ತೋ ಹೊತ್ತಲ್ಲಿ ಯಾರೂ ತಕರಾರು ತೆಗೀಲಿಲ್ಲ.

ಈಗ ಹೆಣ್ಣುಮಕ್ಕಳ ವಿಷಯಕ್ಕೆ ಬರ್ತೀನಿ. ಖೋಖೋ ನಾವೆಲ್ಲ ಬೀದೀಲಿ ಆಡಿದ ಆಟವೇ ಆದ್ರೂ, ಅದಕ್ಕೆ ಕಟ್ಟುನಿಟ್ಟು ನಿಯಮ ಬರೆದದ್ದು 1914ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದವರು. ಹೆಂಗಸರಿಗೆ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದದ್ದು 1960–61ರಲ್ಲಿ, ಕೊಲ್ಹಾಪುರದಲ್ಲಿ. ಕ್ರಿಕೆಟ್ ಇನ್ನೂ ತಡ. ಮಹಿಳಾ ಕ್ರಿಕೆಟ್ ಸಂಘ ಹುಟ್ಟಿದ್ದೇ 1973ರಲ್ಲಿ, ಆ ವರ್ಷ ಪುಣೆಯಲ್ಲಿ ನಡೆದ ಮೊದಲ ಅಂತರರಾಜ್ಯ ಪಂದ್ಯಾವಳಿಗೆ ಬಂದದ್ದು ಮೂರೇ ತಂಡ. ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ ಆ ದಿನಗಳನ್ನ ಎಷ್ಟೋ ಸಲ ಹೇಳಿದಾರೆ. ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಪ್ರಯಾಣ, ಹಾಸಿಗೆ ಸುರುಳಿ ತಾವೇ ಹೊತ್ತುಕೊಂಡು ಹೋಗೋದು, ಹಾಲ್‌ನಲ್ಲಿ ನೆಲದ ಮೇಲೆ ಸಾಲಾಗಿ ಮಲಗೋದು. ಹೀಗೆ ತಿರುಗಿದವರೇ 1976ರ ಅಕ್ಟೋಬರ್ ಕೊನೆಗೆ ಬೆಂಗಳೂರಲ್ಲಿ ವೆಸ್ಟ್ ಇಂಡೀಸ್ ಮೇಲೆ ದೇಶದ ಮೊದಲ ಮಹಿಳಾ ಟೆಸ್ಟ್ ಆಡಿದ್ರು. ಶಾಂತಾ ಅವರೇ ನಾಯಕಿ. ಮುಂದಿನ ತಿಂಗಳು ಪಟ್ನಾದಲ್ಲಿ ಮೊದಲ ಗೆಲುವೂ ಬಂತು. ಅವರು ಹಾಕಿದ ದಾರಿಯಲ್ಲೇ ನಡೆದು, 2023ರ ಡಿಸೆಂಬರಿನಲ್ಲಿ ನಮ್ಮ ಮೈಸೂರಿನ ಹುಡುಗಿ ಶುಭಾ ಸತೀಶ್ ಮೊದಲ ಟೆಸ್ಟಿನಲ್ಲೇ ಇಂಗ್ಲೆಂಡಿನ ಮೇಲೆ 69 ರನ್ ಹೊಡೆದಳು.

ಇಷ್ಟು ಪುಸ್ತಕದಲ್ಲಿ, ಪೇಪರಲ್ಲಿ ಸಿಗೋ ಚರಿತ್ರೆ. ಮನೆಯೊಳಗಿನ ಚರಿತ್ರೆ ನಮ್ಮ ಸೋದರತ್ತೆಯದು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ಮಾರನೇ ವರ್ಷ, 1974ರಲ್ಲಿ, ಅವರ ಹೈಸ್ಕೂಲು ಖೋಖೋ ತಂಡ ಧಾರವಾಡಕ್ಕೆ ಹೊರಟಿತ್ತಂತೆ. ಹಾಸನ, ಅರಸೀಕೆರೆ ಮೇಲೆ ರೈಲು. ತಂಡ ಅಂದ್ರೆ ಹನ್ನೆರಡು ಜನ. ಒಂಬತ್ತು ಜನ ಆಡೋದು, ಮೂವರು ಬದಲಿ. ಹೊರಡೋ ಹಿಂದಿನ ದಿನ ಒಬ್ಬಳ ಮನೆಯಿಂದ, ಅಕ್ಕನ ಸೀಮಂತ ಇದೆ, ಕಳಿಸೋಕಾಗಲ್ಲ ಅಂತ ಸುದ್ದಿ. ಇನ್ನೊಬ್ಬಳು ಪೆಟ್ಟಿಗೆ ಹಿಡಿದು ಸ್ಟೇಷನ್ನಿಗೇ ಬಂದಿದ್ದಳು, ಅವಳ ತಾತ ಹಿಂದೆಯೇ ಬಂದು ಕೈ ಹಿಡಿದು ವಾಪಸ್ ಕರ್ಕೊಂಡು ಹೋದ್ರಂತೆ. ಹತ್ತು ಜನ ಹೋದ್ರು. ಎರಡನೇ ಪಂದ್ಯದಲ್ಲಿ ಒಬ್ಬಳಿಗೆ ಕಾಲು ಉಳುಕಿತು, ಇನ್ನೊಬ್ಬಳಿಗೆ ಜ್ವರ. ಜ್ವರದವಳನ್ನ ಆಡಿಸೋ ಹಾಗಿಲ್ಲ, ಬದಲಿಗೆ ಇನ್ಯಾರೂ ಇಲ್ಲ. ಉಳುಕಿದ ಕಾಲಲ್ಲೇ ಆಡಿದವಳು ನಮ್ಮತ್ತೆ. ಸೋತು ಬಂದ್ರು. "ಸೋತಿದ್ದಕ್ಕೆ ಬೇಜಾರಿಲ್ಲ ಕಣೇ, ಆಡೋಕೆ ಜನ ಇಲ್ದೆ ಸೋತ್ವಲ್ಲ, ಅದು" ಅಂತ ಈಗಲೂ ಅಂತಾರೆ.

ಗಮನಿಸಿ, ಆ ಇಬ್ಬರು ಹುಡುಗೀರು ಮಾತು ತಪ್ಪಲಿಲ್ಲ. ಮೂರು ತಿಂಗಳು ಬೆಳಿಗ್ಗೆ ಐದೂವರೆಗೆ ಎದ್ದು ಅಭ್ಯಾಸಕ್ಕೆ ಬಂದಿದ್ದವರು ಅವರು. ಮಾತು ತಪ್ಪಿದ್ದು ಮನೆ. ಆದ್ರೆ ಸ್ಕೂಲಲ್ಲಿ ಕೆಟ್ಟ ಹೆಸರು ಬಂದದ್ದು ಹುಡುಗೀರಿಗೆ. ಹೆಣ್ಣುಮಕ್ಕಳ ಆಟದ ಚರಿತ್ರೆಯಲ್ಲಿ ಇದನ್ನ ಯಾರೂ ಬರೆಯಲ್ಲ, ಅದಕ್ಕೇ ನಾನಾದ್ರೂ ಬರೀತಿದೀನಿ.

ಈಗಿನ ಏರ್ಪಾಡು ಹೇಗಿದೆ ನೋಡಿ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಪಂದ್ಯ. ನಮ್ಮ ಮೈಸೂರು ವಿಭಾಗ ಅಂದ್ರೆ ಎಂಟು ಜಿಲ್ಲೆ: ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿ. ಒಂದು ಸಲ ಪಕ್ಕದ ಮಂಡ್ಯದಲ್ಲಾದ್ರೆ ಇನ್ನೊಂದು ಸಲ ಘಟ್ಟದ ಕೆಳಗೆ. ಒಂದು ಮೆಟ್ಟಿಲು ಗೆದ್ದ ಮೇಲೇ ಮುಂದಿನದಕ್ಕೆ ಹೋಗ್ತೀವೋ ಇಲ್ವೋ ಗೊತ್ತಾಗೋದು, ಆದ್ದರಿಂದ ತಯಾರಿಗೆ ಸಿಗೋ ದಿನ ಕಮ್ಮಿ. ಗೆಲ್ಲೋಕೆ ಮುಂಚೆಯೇ ಗೆದ್ದವರ ಹಾಗೆ ಯೋಚನೆ ಮಾಡಿಟ್ಟಿರಬೇಕು.

ದುಡ್ಡಿನ ಚಿಂತೆ ಮಾತ್ರ ಮೊದಲಿನಷ್ಟಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತಕ್ಕೆ ಅದು ನಡೆಯಲ್ಲ. ಹನ್ನೆರಡು ಹುಡುಗೀರು, ಒಬ್ರು ಮೇಡಂ, ಜೊತೆಗೊಬ್ಬ ತಾಯಿ, ಎಲ್ಲರೂ ಆಧಾರ್ ಕಾರ್ಡ್ ಹಿಡ್ಕೊಂಡ್ರೆ ಮೈಸೂರಿಂದ ಉಡುಪಿವರೆಗೂ ಹೋಗಿಬರಬಹುದು. ಪಿ.ಟಿ. ಮೇಷ್ಟ್ರು ಒಬ್ಬರೇ ಟಿಕೆಟ್ ತಗೋಬೇಕು! ಆದ್ರೆ ಆ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಅಂತ ನಿಯಮ ಇದೆ, ಹದಿನಾಲ್ಕು ಜನ ಒಟ್ಟಿಗೇ ಹತ್ತೋದು ಕಷ್ಟ. ಬಾಡಿಗೆ ಗಾಡಿ ಮಾಡಿದ್ರೆ ಒಟ್ಟಿಗೆ ಹೋಗಬಹುದು, ಆದ್ರೆ ಬಾಡಿಗೆ ಗಾಡಿಗೆ ಇರೋದು ಕಿಲೋಮೀಟರ್ ಲೆಕ್ಕ, ತಲೆ ಲೆಕ್ಕ ಅಲ್ಲ. ಹನ್ನೆರಡು ಮನೆ ಹಂಚಿಕೊಳ್ಳೋ ದುಡ್ಡಲ್ಲಿ ಎರಡು ಮನೆ ಹಿಂದೆ ಸರಿದ್ರೆ ಉಳಿದ ಹತ್ತು ಮನೆ ಮೇಲೆ ಬೀಳತ್ತೆ. ನಮ್ಮಲ್ಲಿ ಮನೆಗೆಲಸ ಮಾಡಿ ಮಗಳನ್ನ ಓದಿಸ್ತಿರೋ ತಾಯಂದಿರಿದ್ದಾರೆ, ಅವರಿಗೆ ಆ ವ್ಯತ್ಯಾಸ ದೊಡ್ಡದು. ದಾರಿ ಬೇರೆ ಮಡಿಕೇರಿ, ಸಂಪಾಜೆ ಘಟ್ಟದ್ದು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆಗಿದ್ದು ನೆನಪಿದೆಯಲ್ಲ? ಮಳೆ ಇದ್ರೆ ಪಂದ್ಯದ ಹಿಂದಿನ ದಿನ ಬೆಳಿಗ್ಗೆಯೇ ಹೊರಡಬೇಕು, ರಾತ್ರಿ ಪ್ರಯಾಣ ಬೇಡ.

ಉಡುಪಿಯಲ್ಲಿ ಗೆದ್ದು ರಾಜ್ಯ ಮಟ್ಟಕ್ಕೆ ಹೋದ್ರೆ, ಅದು ಕಲಬುರಗಿ ಕಡೆ ಅಂತಾದ್ರೆ, ರೈಲೇ ಗತಿ. ರೈಲ್ವೆಯವರ ಒಂದು ನಿಯಮ ಎಲ್ಲ ತಾಯಂದಿರಿಗೂ ಗೊತ್ತಿರಬೇಕು. ಶಾಲೆಯ ಗುಂಪು ಟಿಕೆಟ್ಟಿನಲ್ಲಿ ಒಬ್ಬಳು ಬರಲ್ಲ ಅಂದ್ರೆ ಅವಳ ಜಾಗಕ್ಕೆ ಅದೇ ಶಾಲೆಯ ಇನ್ನೊಬ್ಬಳ ಹೆಸರು ಹಾಕಿಸಬಹುದು. ರೈಲು ಹೊರಡೋಕೆ 48 ಗಂಟೆ ಮುಂಚೆ ಹೆಡ್‌ಮಾಸ್ಟರ್ ಬರೆದುಕೊಡಬೇಕು. ಅದೂ ಗುಂಪಿನ ನೂರಕ್ಕೆ ಹತ್ತರಷ್ಟು ಹೆಸರು ಮಾತ್ರ. ಹದಿನಾಲ್ಕು ಜನರ ಗುಂಪಲ್ಲಿ ಅದೆಷ್ಟಾಯ್ತು? ಒಂದೇ ಹೆಸರು. ನಮ್ಮತ್ತೆ ಕಾಲದ ಹಾಗೆ ಇಬ್ಬರು ಹಿಂದೆ ಸರಿದ್ರೆ, ಅದೂ ಹಿಂದಿನ ದಿನ, ಈಗಿನ ಕಂಪ್ಯೂಟರ್ ರೈಲ್ವೆಯೂ ಏನೂ ಮಾಡೋ ಹಾಗಿಲ್ಲ.

ಶಾಲೆ ಬಂತು, ರೈಲು ಬಂತು, ಪಂದ್ಯಾವಳಿ ಬಂದವು, ಬಸ್ಸಿನ ದುಡ್ಡೂ ಮಾಫಿ ಆಯ್ತು. ಒಂದೊಂದೇ ಅಡ್ಡಿ ಹೋಗಿ ಕೊನೆಗೆ ಉಳಿದದ್ದು ಮನೆಯವರ ಮಾತು. ಅದಕ್ಕೇ ಹೋದ ಭಾನುವಾರ ಮಧ್ಯಾಹ್ನ ಎಲ್ಲ ತಾಯಂದಿರೂ ನಮ್ಮ ಹಜಾರದಲ್ಲಿ ಸೇರಿದ್ವಿ. ಕಾಫಿ, ಕೋಡುಬಳೆ ಜೊತೆ ಒಂದು ನೋಟ್‌ಬುಕ್ಕು, ಒಂದು ಒಂಟಿಕೊಪ್ಪಲ್ ಪಂಚಾಂಗ. ಎರಡು ತಿಂಗಳಲ್ಲಿ ಯಾರ ಮನೆಯಲ್ಲಿ ಏನಿದೆ ಅನ್ನೋದನ್ನೆಲ್ಲ ಬರೆದ್ವಿ. ಶ್ರಾದ್ಧ, ಗೃಹಪ್ರವೇಶ, ಟ್ಯೂಷನ್ ಪರೀಕ್ಷೆ, ದಸರಾ ಗೊಂಬೆ ಕೂರಿಸೋದು, ಯಾವುದನ್ನೂ ಬಿಡಲಿಲ್ಲ. ಮುಟ್ಟಿನ ದಿನಗಳ ಲೆಕ್ಕವೂ ಬಂತು. ಮುಚ್ಚುಮರೆ ಯಾಕೆ, ಮೇಡಂ ಹತ್ರ ಬೇಕಾದ್ದೆಲ್ಲ ಇರಬೇಕಲ್ಲ. ಹನ್ನೆರಡು ಹುಡುಗೀರ ಜೊತೆ ಇನ್ನೂ ಮೂವರು ಅಭ್ಯಾಸಕ್ಕೆ ಬರ್ತಾ ಇರಲಿ ಅಂತಲೂ ತೀರ್ಮಾನ ಆಯ್ತು.

ಆಗ ಕೆಳಗಿನ ಬೀದಿಯ ಒಬ್ಬ ತಾಯಿ ಲೋಟ ಕೆಳಗಿಟ್ಟು, "ನೋಡೀಮ್ಮಾ, ಅದೇ ವಾರ ನಮ್ಮ ದೊಡ್ಡವಳ ನಿಶ್ಚಿತಾರ್ಥ. ಚಿಕ್ಕವಳನ್ನ ಕಳಿಸ್ತೀನಿ ಅಂತ ಈಗ ಅಂದು ಆಮೇಲೆ ಆಗಲ್ಲ ಅನ್ನಲಾರೆ" ಅಂದ್ರು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಹುಡುಗಿ ಚೆನ್ನಾಗಿ ಆಡೋಳು, ಕಂಬದ ಹತ್ರ ಅವಳನ್ನ ಹಿಡಿಯೋರೇ ಇಲ್ಲ. ಒಳಗೆ ಹೋಗಿ ಅತ್ತುಬಿಟ್ಟಳು, ಪಾಪ. ಆದ್ರೆ ಪಂದ್ಯಕ್ಕೆ ಇನ್ನೂ ಹದಿನೆಂಟು ದಿನ ಇತ್ತು. ಬದಲಿ ಹುಡುಗಿಗೆ ಆ ಜಾಗದಲ್ಲಿ ಆಡಿ ರೂಢಿ ಮಾಡ್ಕೊಳ್ಳೋಕೆ ಅಷ್ಟು ದಿನ ಸಿಕ್ಕಿತು. ಆಗಲ್ಲ ಅನ್ನೋದನ್ನ ಹೊತ್ತಿಗೆ ಸರಿಯಾಗಿ ಹೇಳೋದೂ ಮಾತು ಉಳಿಸಿಕೊಂಡ ಹಾಗೇ ಅಂತ ನನಗನ್ನಿಸಿತು. ನಮ್ಮತ್ತೆಯೂ ಅಲ್ಲೇ ಕೂತಿದ್ರು. ಎದ್ದು ಹೋಗಿ ಆ ಹುಡುಗಿ ತಲೆ ಸವರಿ, "ರಾಜ್ಯ ಮಟ್ಟಕ್ಕೆ ನೀನೇ ಹೋಗೋದು, ಅಭ್ಯಾಸ ಬಿಡಬೇಡ" ಅಂದ್ರು. ಅವಳು ಮಾರನೇ ದಿನ ಬೆಳಿಗ್ಗೆಯೇ ಮೈದಾನಕ್ಕೆ ಬಂದಿದ್ದಳು.

ಇದೆಲ್ಲ ಒಂದು ಸ್ಕೂಲು ಪಂದ್ಯಕ್ಕೆ ಅತಿ ಆಯ್ತು ಅನ್ನೋರಿಗೆ ಒಂದು ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೀತು. 19ನೇ ತಾರೀಕು ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನ 78–40ರಿಂದ ಸೋಲಿಸಿದ್ರು. ಆ ತಂಡದಲ್ಲಿ ನಮ್ಮ ಜಿಲ್ಲೆಯವಳೇ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಳು. ಹಳ್ಳಿಯಿಂದ ದೆಹಲಿ ಮುಟ್ಟೋಕೆ ಎಷ್ಟು ಪಂದ್ಯ, ಎಷ್ಟು ಪ್ರಯಾಣ ಬೇಕು ಯೋಚನೆ ಮಾಡಿ. ಪ್ರತಿ ಸಲವೂ ಮನೆಯಲ್ಲಿ ಯಾರೋ 'ಹೋಗಿ ಬಾ' ಅಂದಿರಲೇಬೇಕು.

ಉಡುಪಿ, ಮಂಗಳೂರು ಕಡೆ ಇರೋ ನೆಂಟರೇ, ನಮ್ಮ ಹುಡುಗೀರು ಅಲ್ಲಿ ಎರಡು ರಾತ್ರಿ ಇರ್ತಾರೆ. ಊಟಕ್ಕೆ ನಿಮ್ಮ ಮನೆಗೆ ಕರೀಬೇಡಿ, ಬೇರೆ ಅಡುಗೆ ಉಂಡು ಹೊಟ್ಟೆ ಕೆಟ್ರೆ ಕಷ್ಟ. ಮೈದಾನಕ್ಕೆ ಬಂದು ಜೋರಾಗಿ ಕೂಗಿ, ಸಾಕು.