ಒಪಿನೆಲ್ ಚಾಕು: ಒಂದು ಮರದ ಹಿಡಿಯ ಚರಿತ್ರೆ

ಚರಿತ್ರೆಯ ಪಾಠಗಳಲ್ಲಿ ಖಡ್ಗಕ್ಕೆ ಸಿಗುವ ಸ್ಥಾನ ಚಾಕುವಿಗೆ ಸಿಗುವುದಿಲ್ಲ. ಆದರೆ ರೊಟ್ಟಿ ಕತ್ತರಿಸಲು, ರೆಂಬೆ ಸವರಲು, ಹಗ್ಗ ಕೊಯ್ಯಲು ರೈತನಿಗೆ ದಿನವೂ ಒದಗುತ್ತಿದ್ದುದು ಕಿಸೆಯ ಚಾಕುವೇ. ಅಂಥ ಒಂದು ಮಡಚುವ ಚಾಕು ಹುಟ್ಟಿದ್ದು ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ, ಆಲ್ಪ್ಸ್ ಪರ್ವತಗಳ ನಡುವಿನ ಮೋರಿಯೆನ್ ಕಣಿವೆಯಲ್ಲಿ.

ಒಪಿನೆಲ್ ಮನೆತನದವರು ಆಲ್ಬಿಯೆ ಎಂಬ ಹಳ್ಳಿಯ ಕಮ್ಮಾರರು. ಕೊಡಲಿ, ಮಚ್ಚುಗಳಿಗೆ ಹೆಸರಾದವರು. 1872ರಲ್ಲಿ ಹುಟ್ಟಿದ ಜೋಸೆಫ್ ಒಪಿನೆಲ್ ತಂದೆಯ ಕುಲುಮೆಯಲ್ಲೇ ಕೆಲಸ ಕಲಿತ. ಯಂತ್ರಗಳೆಂದರೆ ಅವನಿಗೆ ಬಲು ಕುತೂಹಲ. 1890ರಲ್ಲಿ, 18ರ ಹರೆಯದಲ್ಲಿ, ಅವನು ಒಂದು ಚಾಕುವನ್ನು ರೂಪಿಸಿದ.

ಸಾಮಾನ್ಯವಾಗಿ ಮಡಚುವ ಚಾಕುವಿಗೆ ಎರಡು ಲೋಹದ ಪಟ್ಟಿ, ಅವುಗಳ ನಡುವೆ ಒಂದು ಸ್ಪ್ರಿಂಗ್, ಹೊರಗೆ ಕೊಂಬಿನ ಅಥವಾ ಮರದ ಎರಡು ಹೋಳುಗಳು ಬೇಕು. ಜೋಸೆಫ್ ಇವನ್ನೆಲ್ಲ ಬಿಟ್ಟುಬಿಟ್ಟ. ಒಂದೇ ತುಂಡು ಮರವನ್ನು ಹಿಡಿಯಾಗಿ ಕಡೆದು, ಅದರಲ್ಲಿ ಅಲಗು ಅಡಗುವಷ್ಟು ಸೀಳು ತೆಗೆದ. ತುದಿಗೊಂದು ಲೋಹದ ಬಳೆ, ಅಡ್ಡಲಾಗಿ ಒಂದು ರಿವೆಟ್ಟು. ಅಷ್ಟೆ! ಬಳೆಯ ಉಪಯೋಗ ನಮಗೂ ಗೊತ್ತಿರುವುದೇ: ಹಿಡಿ ಸೀಳದಿರಲೆಂದು ನಮ್ಮ ಕಮ್ಮಾರರೂ ಕುಡುಗೋಲಿಗೆ ಬಳೆ ತೊಡಿಸುತ್ತಾರೆ.

ಕಡಿಮೆ ಭಾಗಗಳೆಂದರೆ ಕಡಿಮೆ ಬೆಲೆ. ಬಡ ರೈತನೂ ಕೊಳ್ಳಬಹುದು. ಆದರೆ ಸರಳವಾಗಿ ಕಂಡದ್ದೆಲ್ಲ ಸುಲಭವಲ್ಲ. ಕೈಗರಗಸ ತುಸು ವಾಲಿದರೂ ಅಲಗು ಸೀಳಿನ ಒಂದು ಮಗ್ಗುಲಿಗೆ ಉಜ್ಜುತ್ತದೆ. ಸೀಳು ಅಗಲವಾದರೆ ಅಲಗು ಸಡಿಲ. ಆಳ ಹೆಚ್ಚಿದರೆ ಹಿಡಿಯ ಬೆನ್ನೇ ಬಿರಿಯುತ್ತದೆ. ನೂರಾರು ಹಿಡಿಗಳನ್ನು ಒಂದೇ ಅಳತೆಗೆ ಕೈಯಿಂದ ಸೀಳುವುದು ಹೇಗೆ? 1897ರಲ್ಲಿ ಜೋಸೆಫ್ 1ರಿಂದ 12ರವರೆಗೆ ಹನ್ನೆರಡು ಅಳತೆಗಳ ಚಾಕುಗಳನ್ನು ಹೊರತಂದ ಮೇಲಂತೂ ಈ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅವನು ಚಿಕ್ಕದೊಂದು ಕಾರ್ಖಾನೆ ಕಟ್ಟಿ, ಹಿಡಿಗಳನ್ನು ಕಡೆಯುವ ಯಂತ್ರವನ್ನು ತಾನೇ ರೂಪಿಸಿದ. ಯಂತ್ರ ಬಂದೊಡನೆ ಕೈಕಸುಬು ಸತ್ತಿತು ಎಂದು ಹೇಳುವುದು ವಾಡಿಕೆ. ಇಲ್ಲಿ ಆ ಮಾತು ಪೂರ್ತಿ ಹೊಂದುವುದಿಲ್ಲ. ಯಂತ್ರವನ್ನು ಕಟ್ಟಿದವನು ಕಮ್ಮಾರನೇ. ಕೈ ಎಲ್ಲಿ ತಪ್ಪುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

1909ರಲ್ಲಿ ಅವನು ನೋಂದಾಯಿಸಿದ ಮುದ್ರೆ ಕಿರೀಟ ತೊಟ್ಟ ಒಂದು ಕೈ. ಕೈ ಬಂದದ್ದು ಸಮೀಪದ ಸೇಂಟ್ ಜಾನ್ ದ ಮೋರಿಯೆನ್ ಪಟ್ಟಣದ ಲಾಂಛನದಿಂದ. ಕಿರೀಟ ಸವಾಯ್ ಡ್ಯೂಕರ ನೆನಪಿಗೆ. ಆ ಪ್ರಾಂತ ಫ್ರಾನ್ಸಿಗೆ ಸೇರಿದ್ದೇ 1860ರಲ್ಲಿ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಈ ಚಾಕುವಿಗೊಂದು ಕೊರತೆಯಿತ್ತು. ಬಿಚ್ಚಿದ ಅಲಗನ್ನು ಹಿಡಿದಿಡುತ್ತಿದ್ದುದು ಮರದ ಬಿಗಿತ ಮಾತ್ರ. ಅಲಗಿನ ಬೆನ್ನಿನ ಮೇಲೆ ಒತ್ತಡ ಬಿದ್ದರೆ ಅದು ಮಡಚಿ ಬೆರಳಿಗೇ ಬರಬಹುದು. ಇದಕ್ಕೆ ಪರಿಹಾರ ಸಿಕ್ಕಿದ್ದು 65 ವರ್ಷಗಳ ಬಳಿಕ. 1955ರಲ್ಲಿ ಜೋಸೆಫನ ಮಗ ಮಾರ್ಸೆಲ್ ಹಳೆಯ ಬಳೆಯ ಮೇಲೆ ತಿರುಗುವ ಇನ್ನೊಂದು ಬಳೆ ತೊಡಿಸಿದ. ಅದರಲ್ಲಿ ಒಂದು ಸೀಳಿದೆ. ಬಳೆ ತಿರುಗಿಸಿದರೆ ಸೀಳು ಪಕ್ಕಕ್ಕೆ ಸರಿದು ಅಲಗಿಗೆ ಬೀಗ ಬೀಳುತ್ತದೆ. ಮುಚ್ಚಿದ ಚಾಕುವಿಗೂ ಬೀಗ ಬೀಳುವಂತಾದದ್ದು 2000ದಲ್ಲಿ. ಜೋಸೆಫ್ 1960ರಲ್ಲಿ ತೀರಿಕೊಂಡ. ಮಗನ ಬಳೆಯನ್ನು ಅವನು ನೋಡಿದ್ದ.

ಮರ ಮಾತ್ರ ತನ್ನ ಗುಣ ಬಿಟ್ಟಿಲ್ಲ. ಬೀಚ್ ಮರದ ಹಿಡಿ ನೆನೆದರೆ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ, ಉಗುರಿಗೆ ಜಗ್ಗುವುದಿಲ್ಲ. ಆಗ ಸವಾಯ್‌ನವರು ಬಳೆಯ ಸೀಳನ್ನು ನೇರಕ್ಕೆ ತಂದು, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟುತ್ತಾರೆ. ಅಲಗಿನ ಮೊನೆ ಮೆಲ್ಲನೆ ತಲೆಯೆತ್ತುತ್ತದೆ.